ಬೋಲ್ಟಿನ ಬಿಗಿತ: ಎಸ್‌ಯುವಿಗೆ ಮನೆಯಲ್ಲೇ ಹಿಚ್ ರಿಸೀವರ್ ಕೂಡಿಸುವಾಗ

ಎಸ್‌ಯುವಿಗೆ ಟ್ರೇಲರ್ ಹಿಚ್ (ಟ್ರೇಲರನ್ನು ಸಿಕ್ಕಿಸಿ ಎಳೆಯುವ ಕೊಂಡಿ) ಕೂಡಿಸುವುದು ಮನೆಯಲ್ಲೇ ಮಾಡಿ ಮುಗಿಸಬಹುದಾದ ಕೆಲಸವೇ ಎಂದು ಯಾರಾದರೂ ಕೇಳಿದರೆ, ಹೌದು ಎಂದೇ ನಾನು ಹೇಳುತ್ತೇನೆ. ಆ ಮಾದರಿಯ ಗಾಡಿಗೆಂದೇ ತಯಾರಾದ ಹಿಚ್ ಸಿಕ್ಕಿದರೆ ವೆಲ್ಡಿಂಗ್ ಬೇಕಾಗುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಹೊಸದಾಗಿ ತೂತು ಕೊರೆಯುವ ಅಗತ್ಯವೂ ಇರುವುದಿಲ್ಲ. ಚಾಸಿಯಲ್ಲಿ ಮೊದಲೇ ಬಿಟ್ಟಿರುವ ತೂತುಗಳಿಗೆ ಬೋಲ್ಟು ಹಾಕಿ ಬಿಗಿಯುವುದಷ್ಟೇ ಮೇಲ್ನೋಟಕ್ಕೆ ಕಾಣುವ ಕೆಲಸ. ಆ ‘ಬಿಗಿಯುವುದಷ್ಟೇ’ ಎಂಬ ಮಾತಿನೊಳಗೆ ಏನೆಲ್ಲ ಅಡಗಿದೆ ಎಂದು ನಾನು ಯೋಚಿಸತೊಡಗಿದ್ದು, ಗಾಡಿಯ ಕೆಳಗೆ ಅಂಗಾತ ಮಲಗಿ, ಇಡೀ ಟ್ರೇಲರಿನ ಭಾರವನ್ನು ತಡೆಯಬೇಕಾದದ್ದು ಕಣ್ಣೆದುರಿಗಿರುವ ಈ ನಾಲ್ಕಾರು ಬೋಲ್ಟುಗಳೇ ಎಂಬುದು ಮನಸ್ಸಿಗೆ ನಾಟಿದ ಮೇಲೆ.

ರಿಸೀವರ್ ಎಂದರೆ ಬಂಪರಿನ ಕೆಳಗೆ ಹಿಂದಕ್ಕೆ ಬಾಯಿ ತೆರೆದಿರುವ ಚೌಕಾಕಾರದ ಉಕ್ಕಿನ ಕೊಳವೆ. ಅದನ್ನು ಹೊತ್ತಿರುವ ಅಡ್ಡತೊಲೆ ಗಾಡಿಯ ಎರಡೂ ಪಕ್ಕದ ಚಾಸಿ ತೊಲೆಗಳಿಗೆ ಬೋಲ್ಟುಗಳ ಮೂಲಕ ಸೇರಿಕೊಳ್ಳುತ್ತದೆ. ಕೊಳವೆಯೊಳಕ್ಕೆ ಬಾಲ್ ಮೌಂಟ್, ಎಂದರೆ ಟ್ರೇಲರಿನ ಮೂತಿ ಕೂರುವ ಉಕ್ಕಿನ ಗುಂಡನ್ನು (ಬಾಲ್) ಹೊತ್ತ ತುಂಡನ್ನು ತೂರಿಸಿ ಅಡ್ಡಲಾಗಿ ಪಿನ್ನು ಹಾಕಿದರೆ ಟ್ರೇಲರ್ ಎಳೆಯಬಹುದು. ಅದನ್ನು ತೆಗೆದು ಸೈಕಲ್ ಕ್ಯಾರಿಯರ್ ತೂರಿಸಿದರೆ ಸೈಕಲ್ಲುಗಳನ್ನು ಹೊರಿಸಬಹುದು. ಕೊಳವೆಯ ಒಳ ಅಳತೆ ಸಣ್ಣ ಹಿಚ್‌ಗಳಲ್ಲಿ ಒಂದೂಕಾಲು ಇಂಚು, ದೊಡ್ಡವುಗಳಲ್ಲಿ ಎರಡು ಇಂಚು, ಅಂದರೆ ಸುಮಾರು 51 ಮಿ.ಮೀ. ಉತ್ತರ ಅಮೆರಿಕದಲ್ಲಿ ಬಳಕೆಯಲ್ಲಿರುವ ವರ್ಗೀಕರಣದ ಪ್ರಕಾರ ಮೊದಲನೇ ಕ್ಲಾಸಿನ ಹಿಚ್ 2,000 ಪೌಂಡ್ ತನಕ, ಎಂದರೆ ಸುಮಾರು 907 ಕಿಲೋ ತೂಕದ ಟ್ರೇಲರಿಗೆ. ಎರಡನೆಯದು 3,500 ಪೌಂಡ್ ಅಥವಾ ಸುಮಾರು 1,588 ಕಿಲೋ ತನಕ. ಮೂರನೆಯದು ಸಾಮಾನ್ಯವಾಗಿ 8,000 ಪೌಂಡ್ ಅಥವಾ ಸುಮಾರು 3,630 ಕಿಲೋ ತನಕ.

ಈ ಅಂಕಿಗಳನ್ನು ಓದುವಾಗಲೇ ಹಲವರು ದಾರಿ ತಪ್ಪುತ್ತಾರೆ. ಮೂರನೇ ಕ್ಲಾಸಿನ ಹಿಚ್ ಹಾಕಿಸಿದ ಮಾತ್ರಕ್ಕೆ ಗಾಡಿ ಮೂರೂವರೆ ಟನ್ ಎಳೆಯುವಂತಾಗುವುದಿಲ್ಲ. ಗಾಡಿಯ ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಹಿಂದಿನ ಆಕ್ಸಲ್, ಟಯರು ಮತ್ತು ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ತಯಾರಕರು ಕೈಪಿಡಿಯಲ್ಲಿ ಎಳೆಯುವ ಮಿತಿಯೊಂದನ್ನು ಬರೆದಿರುತ್ತಾರೆ. ಹಿಚ್, ಬಾಲ್ ಮೌಂಟ್, ಬಾಲ್ ಇವುಗಳಿಗೂ ಒಂದೊಂದು ಮಿತಿ ಇರುತ್ತದೆ. ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ಆ ಗಾಡಿಯ ನಿಜವಾದ ಮಿತಿ. ಕೈಪಿಡಿಯಲ್ಲಿ 750 ಕಿಲೋ ಎಂದಿದ್ದರೆ ಹಿಚ್ ಮೇಲಿನ ಚೀಟಿಯಲ್ಲಿ ಏನೇ ಬರೆದಿರಲಿ, ಮಿತಿ 750 ಕಿಲೋ. ಟ್ರೇಲರ್ ಎಳೆಯಬಾರದು ಎಂದೇ ಕೈಪಿಡಿ ಹೇಳುವ ಗಾಡಿಗಳೂ ಇವೆ. ಅಂಥ ಗಾಡಿಗೂ ಹೊಂದುವ ಹಿಚ್ ಮಾರಾಟಕ್ಕೆ ಸಿಕ್ಕಿಬಿಟ್ಟರೆ, ಅದು ಸಿಕ್ಕಿತು ಎಂಬುದನ್ನೇ ಅನುಮತಿ ಎಂದು ತಿಳಿಯಬಾರದು.

ಎಳೆಯುವ ತೂಕಕ್ಕಿಂತಲೂ ನನಗೆ ಹೆಚ್ಚು ಮುಖ್ಯವೆನಿಸುವುದು ಬಾಲಿನ ಮೇಲೆ ಟ್ರೇಲರಿನ ಮೂತಿ ಊರುವ ಭಾರ. ಎತ್ತಿನ ಗಾಡಿಗೆ ಹೇರು ಹೇರುವವರು ಇದನ್ನು ಯಾವ ಪುಸ್ತಕವನ್ನೂ ನೋಡದೆ ಬಲ್ಲರು: ಹಿಂದಕ್ಕೆ ಹೆಚ್ಚು ಹೇರಿದರೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತದೆ, ಮುಂದಕ್ಕೆ ಹೆಚ್ಚು ಹೇರಿದರೆ ಎತ್ತುಗಳ ಹೆಗಲು ನೋಯುತ್ತದೆ. ಟ್ರೇಲರಿನದೂ ಅದೇ ಲೆಕ್ಕ. ಮೂತಿಯ ಭಾರ ತೀರ ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ, ಆ ಓಲಾಟ ಬೆಳೆದರೆ ಎಳೆಯುವ ಗಾಡಿಯನ್ನೂ ದಾರಿಯಿಂದ ಆಚೆಗೆ ಒಯ್ಯಬಲ್ಲದು. ತೀರ ಹೆಚ್ಚಾದರೆ ಎಳೆಯುವ ಗಾಡಿಯ ಹಿಂಬದಿ ಕುಸಿದು ಮುಂದಿನ ಚಕ್ರಗಳು ಹಗುರವಾಗುತ್ತವೆ. ಉತ್ತರ ಅಮೆರಿಕದಲ್ಲಿ ಒಟ್ಟು ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಭಾರ ಮೂತಿಯಲ್ಲಿರಲಿ ಎನ್ನುತ್ತಾರೆ. ಯುರೋಪಿನಲ್ಲಿ ಈ ಪ್ರಮಾಣ ಅದಕ್ಕಿಂತ ಕಡಿಮೆ. ಅಲ್ಲಿನ ಹಲವು ಕಾರುಗಳಿಗೆ ತಯಾರಕರು 75ರಿಂದ 100 ಕಿಲೋ ಎಂಬ ಮಿತಿಯನ್ನು ನೇರವಾಗಿಯೇ ಬರೆದಿರುತ್ತಾರೆ.

ಈ ಭಾರ ಬೀಳುವ ಜಾಗ ಹಿಂದಿನ ಆಕ್ಸಲಿಗಿಂತ ಹಿಂದೆ ಇರುವುದರಿಂದ ಅದು ಸನ್ನೆಗೋಲಿನ ಹಾಗೆ ವರ್ತಿಸುತ್ತದೆ. ಎರಡು ಆಕ್ಸಲ್‌ಗಳ ನಡುವೆ 2.7 ಮೀಟರ್ ಅಂತರವಿರುವ, ಹಿಂದಿನ ಆಕ್ಸಲಿನಿಂದ 1.1 ಮೀಟರ್ ಹಿಂದೆ ಬಾಲ್ ಇರುವ ಎಸ್‌ಯುವಿಯೊಂದನ್ನು ಊಹಿಸಿಕೊಳ್ಳಿ. ಬಾಲಿನ ಮೇಲೆ 120 ಕಿಲೋ ಭಾರ ಬಿದ್ದರೆ ಹಿಂದಿನ ಆಕ್ಸಲಿನ ಮೇಲೆ ಏರುವುದು ಸುಮಾರು 169 ಕಿಲೋ. ಹೆಚ್ಚುವರಿ 49 ಕಿಲೋ ಮುಂದಿನ ಆಕ್ಸಲಿನಿಂದ ಕಳಚಿ ಹಿಂದಕ್ಕೆ ಬಂದದ್ದು. ಸ್ಟಿಯರಿಂಗ್ ಹಗುರಾದಂತೆ ಭಾಸವಾಗುವುದಕ್ಕೂ, ರಾತ್ರಿ ಹೆಡ್‌ಲೈಟುಗಳು ಎದುರಿನವರ ಕಣ್ಣಿಗೆ ಹೊಡೆಯುವುದಕ್ಕೂ ಕಾರಣ ಇದೇ.

“ನಾನು ಟ್ರೇಲರ್ ಎಳೆಯುವವನಲ್ಲ, ಎರಡು ಸೈಕಲ್ಲು ತೂಗಿಸುವವನು” ಎಂದುಕೊಂಡು ಈ ಲೆಕ್ಕವನ್ನು ಬದಿಗಿಡುವವರಿಗೂ ಒಂದು ಮಾತು ಹೇಳಬೇಕು. ಸೈಕಲ್ ಕ್ಯಾರಿಯರಿನ ಭಾರ ಬಾಲ್ ಇರುವ ಜಾಗಕ್ಕಿಂತಲೂ ಹಿಂದಕ್ಕೆ ಚಾಚಿರುತ್ತದೆ, ಮೇಲಾಗಿ ಟ್ರೇಲರಿಗಿರುವಂತೆ ಅದಕ್ಕೆ ತನ್ನದೇ ಚಕ್ರಗಳ ಆಸರೆ ಇರುವುದಿಲ್ಲ. ರಸ್ತೆಯ ಪ್ರತಿಯೊಂದು ಉಬ್ಬಿಗೂ ಅದು ಹಿಚ್ಚನ್ನು ಮೇಲೆ ಕೆಳಗೆ ತಿರುಚುತ್ತದೆ. ಹಗುರವಾದ ಸಾಮಾನು ಎಂಬ ಭಾವನೆ ಬೋಲ್ಟುಗಳಿಗೆ ಗೊತ್ತಾಗುವುದಿಲ್ಲ.

ಇನ್ನು ಆ ಬೋಲ್ಟುಗಳ ವಿಷಯ. ಬೋಲ್ಟು ಒಂದು ಗೂಟದಂತೆ ತೂತಿನಲ್ಲಿ ನಿಂತು ಅಡ್ಡಬಲವನ್ನು ತಡೆಯುತ್ತದೆ ಎಂದು ನಾವು ಸಹಜವಾಗಿಯೇ ಅಂದುಕೊಳ್ಳುತ್ತೇವೆ. ಸರಿಯಾಗಿ ಬಿಗಿದ ಕೀಲಿನಲ್ಲಿ ನಡೆಯುವುದು ಬೇರೆ. ಬಿಗಿಯುವಾಗ ಬೋಲ್ಟು ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗುತ್ತದೆ. ಮತ್ತೆ ಮೊದಲಿನ ಉದ್ದಕ್ಕೆ ಮರಳಲು ಅದು ಹವಣಿಸುವ ಬಲವೇ ಹಿಚ್ಚಿನ ತಟ್ಟೆಯನ್ನೂ ಚಾಸಿಯ ತಗಡನ್ನೂ ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಹಾಗೆ ಒತ್ತಿಕೊಂಡ ಎರಡು ಮುಖಗಳ ನಡುವಿನ ಘರ್ಷಣೆಯೇ ಟ್ರೇಲರನ್ನು ಎಳೆಯುವುದು. ಮುಖಗಳು ಜಾರದಿರುವ ತನಕ ಬೋಲ್ಟಿನ ದಂಡಿಗೆ ಅಡ್ಡಪೆಟ್ಟು ಬೀಳುವುದಿಲ್ಲ. ತೂತು ಬೋಲ್ಟಿಗಿಂತ ಒಂದಿಷ್ಟು ದೊಡ್ಡದಾಗಿದ್ದರೂ, ಎಷ್ಟೋ ಸಲ ಉದ್ದನೆಯ ಸೀಳಿನಂತೆಯೇ ಇದ್ದರೂ ತೊಂದರೆಯಾಗದಿರುವುದು ಇದರಿಂದಲೇ.

ಅಂಕಿಗಳಲ್ಲಿ ನೋಡಿದರೆ ಇದು ಇನ್ನೂ ಬೆರಗು ಹುಟ್ಟಿಸುತ್ತದೆ. ಹಿಚ್‌ಗಳೊಂದಿಗೆ ಬರುವ ಬೋಲ್ಟುಗಳ ತಲೆಯ ಮೇಲೆ ಹಲವು ಬಾರಿ 10.9 ಎಂಬ ಅಂಕಿ ಇರುತ್ತದೆ. ಅದರಲ್ಲಿ 10 ಎಂದರೆ ಆ ಉಕ್ಕು ತುಂಡಾಗುವ ಮಟ್ಟ ಸುಮಾರು 1,000 ಮೆಗಾಪ್ಯಾಸ್ಕಲ್ ಎಂದೂ, .9 ಎಂದರೆ ಅದರ ಶೇ. 90ರಷ್ಟರಲ್ಲಿ ಅದು ಶಾಶ್ವತವಾಗಿ ಹಿಗ್ಗತೊಡಗುತ್ತದೆ ಎಂದೂ ಅರ್ಥ. 12 ಮಿ.ಮೀ. ದಪ್ಪದ, ಸಾಮಾನ್ಯ ಥ್ರೆಡ್ಡಿನ ಇಂಥ ಬೋಲ್ಟು ಶಾಶ್ವತವಾಗಿ ಹಿಗ್ಗದೆ ಖಚಿತವಾಗಿ ತಾಳುವ ಮಿತಿ ಸುಮಾರು 70 ಕಿಲೋನ್ಯೂಟನ್. ಅದರ ಮುಕ್ಕಾಲು ಪಾಲಿಗೆ ಬಿಗಿದರೆ ಸುಮಾರು 52 ಕಿಲೋನ್ಯೂಟನ್, ಅಂದರೆ ಐದು ಟನ್ನಿಗೂ ಮಿಗಿಲಾದ ಭಾರ ಹೇರಿದಷ್ಟು ಒತ್ತುಬಲ ಒಂದೇ ಬೋಲ್ಟಿನಿಂದ ಹುಟ್ಟುತ್ತದೆ. ಉಕ್ಕಿನ ಮುಖಗಳ ಘರ್ಷಣೆಯ ಗುಣಾಂಕವನ್ನು 0.2 ಎಂದಿಟ್ಟುಕೊಂಡರೂ ಒಂದೊಂದು ಬೋಲ್ಟು ಸುಮಾರು ಒಂದು ಟನ್ನಿನಷ್ಟು ಜಾರುಬಲವನ್ನು ತಡೆಯುತ್ತದೆ.

ಇಷ್ಟೆಲ್ಲ ಬಲ ನಿಂತಿರುವುದು ಎಷ್ಟು ಹಿಗ್ಗುವಿಕೆಯ ಮೇಲೆ? ಬೋಲ್ಟಿನ ತಲೆಗೂ ನಟ್ಟಿಗೂ ನಡುವೆ 30 ಮಿ.ಮೀ. ದಪ್ಪದ ಲೋಹವಿದ್ದರೆ ಆ 52 ಕಿಲೋನ್ಯೂಟನ್‌ಗೆ ಬೋಲ್ಟು ಹಿಗ್ಗುವುದು ಸುಮಾರು 0.09 ಮಿ.ಮೀ. ಮಾತ್ರ. ನಡುವಿನ ದಪ್ಪ ಕೇವಲ 10 ಮಿ.ಮೀ. ಆಗಿದ್ದರೆ 0.03 ಮಿ.ಮೀ. ನನ್ನ ಮಟ್ಟಿಗೆ ಈ ಇಡೀ ಕೆಲಸದ ಗುಟ್ಟು ಈ ಪುಟ್ಟ ಅಂಕಿಯಲ್ಲಿದೆ. ಚಾಸಿಯ ಮುಖದ ಮೇಲೆ ತುಕ್ಕುನಿರೋಧಕವೆಂದು ಬಳಿದ ರಬ್ಬರಿನಂಥ ದಪ್ಪ ಲೇಪ, ಒಣಗಿದ ಮಣ್ಣು, ಪದರು ಪದರಾಗಿ ಎದ್ದ ತುಕ್ಕು ಇವನ್ನು ಹಾಗೇ ಬಿಟ್ಟು ಅದರ ಮೇಲೆ ಹಿಚ್ಚನ್ನು ಕೂಡಿಸಿದರೆ, ಆ ದಿನ ಟಾರ್ಕ್ ರೆಂಚ್ (ನಿಗದಿ ಮಾಡಿದ ಬಿಗಿತ ಮುಟ್ಟಿದಾಗ ಟಕ್ಕೆನ್ನುವ ಪಾನಾ) ಸರಿಯಾಗಿಯೇ ಸದ್ದು ಮಾಡುತ್ತದೆ. ಕೆಲವು ವಾರಗಳ ಅಲುಗಾಟದಲ್ಲಿ ಆ ಮೆದು ಪದರ ನೂರರಲ್ಲಿ ಮೂರು ಭಾಗ ಮಿಲಿಮೀಟರಿನಷ್ಟು ತೆಳುವಾದರೂ ಸಾಕು, ಗಿಡ್ಡ ಬೋಲ್ಟಿನ ಬಿಗಿತವೆಲ್ಲ ಸದ್ದಿಲ್ಲದೆ ಕರಗಿಹೋಗುತ್ತದೆ. ನಟ್ಟು ಒಂದಿಷ್ಟೂ ತಿರುಗಿರುವುದಿಲ್ಲ, ನೋಡುವ ಕಣ್ಣಿಗೆ ಎಲ್ಲವೂ ಇದ್ದಂತೆಯೇ ಇರುತ್ತದೆ. ಹಾಗಾಗಿ ಹಿಚ್ ಮುಟ್ಟುವ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಮೆದು ಲೇಪವನ್ನು ಹೆರೆದು ತೆಗೆಯುವ ಬೇಸರದ ಕೆಲಸಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಕಾರ್ಖಾನೆಯಲ್ಲೇ ಬಳಿದ ತೆಳುವಾದ ಗಟ್ಟಿ ಬಣ್ಣ ಅಷ್ಟೊಂದು ಕಾಡುವುದಿಲ್ಲ, ಅದನ್ನು ಕೆರೆದು ಉಕ್ಕನ್ನು ಬೆತ್ತಲೆ ಮಾಡುವ ಅಗತ್ಯವಿಲ್ಲ. ಬೆತ್ತಲಾದ ಕಡೆ ತೆಳ್ಳಗೆ ಪ್ರೈಮರ್ ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಕೂಡಿಸುವುದು ಒಳ್ಳೆಯದು.

ಟಾರ್ಕ್ ರೆಂಚ್ ಅಳೆಯುವುದು ಬೋಲ್ಟಿನ ಹಿಗ್ಗನ್ನಲ್ಲ, ಅದನ್ನು ತಿರುಗಿಸಲು ಬೇಕಾಗುವ ಬಲವನ್ನು. ಆ ಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ, ಶೇ. 40ರಷ್ಟು ಥ್ರೆಡ್ಡಿನೊಳಗಿನ ಘರ್ಷಣೆಗೆ ಖರ್ಚಾಗಿಹೋಗುತ್ತದೆ. ಬೋಲ್ಟನ್ನು ನಿಜವಾಗಿ ಹಿಗ್ಗಿಸಲು ಉಳಿಯುವುದು ಹತ್ತರಲ್ಲಿ ಒಂದು ಪಾಲು. ಹೀಗಿರುವಾಗ ಥ್ರೆಡ್ಡಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರೆ ಇಡೀ ಲೆಕ್ಕ ಬದಲಾಗುತ್ತದೆ. ಮೇಲಿನ ಬೋಲ್ಟನ್ನು ಒಣ ಥ್ರೆಡ್ಡಿನಲ್ಲಿ 52 ಕಿಲೋನ್ಯೂಟನ್‌ಗೆ ಬಿಗಿಯಲು ಸುಮಾರು 126 ನ್ಯೂಟನ್-ಮೀಟರ್ ಬೇಕು. ಎಣ್ಣೆಯಿಂದ ಘರ್ಷಣೆ ಇಳಿದು, ತಿರುಗಿಸಲು ಬೇಕಾಗುವ ಬಲ ಕಾಲು ಭಾಗ ತಗ್ಗಿತೆನ್ನಿ, ಅದೇ 126 ನ್ಯೂಟನ್-ಮೀಟರ್ ಬೋಲ್ಟನ್ನು 70 ಕಿಲೋನ್ಯೂಟನ್ ತನಕ, ಎಂದರೆ ಅದರ ತಾಳಿಕೆಯ ಅಂಚಿನ ತನಕ ಎಳೆದುಬಿಡುತ್ತದೆ. ಈ ಅಂಕಿಗಳು ವಿಷಯ ತಿಳಿಯುವುದಕ್ಕೆ ಮಾತ್ರ. ಬಿಗಿಯುವಾಗ ಅನುಸರಿಸಬೇಕಾದದ್ದು ಆ ಹಿಚ್ಚಿನ ಜೊತೆ ಬಂದ ಹಾಳೆಯ ಅಂಕಿಯನ್ನೇ, ಏಕೆಂದರೆ ಚಾಸಿಯ ತಗಡಿನ ದಪ್ಪ, ಒಳಗೆ ವೆಲ್ಡ್ ಮಾಡಿರುವ ನಟ್ಟಿನ ಬಲ ಎಲ್ಲವನ್ನೂ ನೋಡಿ ಅದನ್ನು ನಿಗದಿ ಮಾಡಿರುತ್ತಾರೆ. ಥ್ರೆಡ್ ಒಣಗಿರಬೇಕೋ ಎಣ್ಣೆ ಇರಬೇಕೋ ಎಂಬುದನ್ನು ಅದೇ ಹಾಳೆಯಲ್ಲಿ ಹುಡುಕಬೇಕು.

ಎಣ್ಣೆಯ ಪ್ರಶ್ನೆ ಬರುವುದು ತುಕ್ಕಿನಿಂದ. ಎಷ್ಟೋ ಗಾಡಿಗಳಲ್ಲಿ ಚಾಸಿ ತೊಲೆಯ ಒಳಗೇ ನಟ್ಟುಗಳನ್ನು ವೆಲ್ಡ್ ಮಾಡಿರುತ್ತಾರೆ. ಕೆಳಗಿನಿಂದ ನೀರು, ಕೆಸರು ಸಿಡಿದು ಅವುಗಳ ಥ್ರೆಡ್ ತುಕ್ಕು ಹಿಡಿದಿರುತ್ತದೆ. ಅಂಥ ನಟ್ಟಿಗೆ ಹೊಸ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಅರ್ಧಕ್ಕೇ ಕಚ್ಚಿಕೊಂಡು, ಕೊನೆಗೆ ನಟ್ಟೇ ವೆಲ್ಡ್ ಬಿಟ್ಟು ತೊಲೆಯೊಳಗೆ ಸುತ್ತತೊಡಗಬಹುದು. ಆಮೇಲೆ ಅದನ್ನು ಹಿಡಿಯಲು ಕೈಯೂ ಹೋಗುವುದಿಲ್ಲ, ಪಾನಾವೂ ಹೋಗುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯೆಲ್ಲ ಬಿಟ್ಟು, ಸಣ್ಣ ತಂತಿ ಬ್ರಷ್ಷಿನಿಂದ ಉಜ್ಜಿ, ಬಳಿಕ ಥ್ರೆಡ್ ಶುಚಿಗೊಳಿಸುವ ಚೇಸರನ್ನು ಕೈಯಿಂದಲೇ ಮುಂದೆ ಹಿಂದೆ ತಿರುಗಿಸುತ್ತ ಒಳಗೆ ಬಿಡುವುದು ಸರಿಯಾದ ಕ್ರಮ. ಹೊಸ ಥ್ರೆಡ್ ಕತ್ತರಿಸುವ ಟ್ಯಾಪನ್ನು ಬಳಸಿದರೆ ತುಕ್ಕಿನೊಂದಿಗೆ ಒಳ್ಳೆಯ ಲೋಹವೂ ಉದುರುತ್ತದೆ. ಅದೇ ಅಳತೆಯ ಹಳೆಯ ಬೋಲ್ಟೊಂದರ ಉದ್ದಕ್ಕೆ ಗರಗಸದಿಂದ ಒಂದು ಗೀರು ಹಾಕಿಕೊಂಡರೂ ಚೇಸರಿನ ಕೆಲಸ ನಡೆಯುತ್ತದೆ, ತುಕ್ಕಿನ ಪುಡಿ ಆ ಗೀರಿನೊಳಗೆ ಬಂದು ಸೇರುತ್ತದೆ. 12 ಮಿ.ಮೀ. ಬೋಲ್ಟುಗಳಲ್ಲೇ 1.75, 1.5, 1.25 ಎಂದು ಬೇರೆ ಬೇರೆ ಥ್ರೆಡ್ ಅಂತರಗಳಿರುವುದನ್ನು ಮಾತ್ರ ಮರೆಯಬಾರದು. ಶುಚಿಯಾದ ಮೇಲೆ ಬ್ರೇಕ್ ಕ್ಲೀನರ್ ಹೊಡೆದು ಎಣ್ಣೆಯನ್ನೆಲ್ಲ ತೊಳೆದು ಒಣಗಿಸಿದರೆ ಹಿಂದಿನ ಲೆಕ್ಕ ಮತ್ತೆ ಸರಿಯಾಗುತ್ತದೆ.

ಗಾಡಿಯ ಕೆಳಗೆ ತೂರುವ ಮುನ್ನ ಹೇಳಲೇಬೇಕಾದದ್ದನ್ನು ಚುಟುಕಾಗಿ ಹೇಳುತ್ತೇನೆ. ಸಮತಟ್ಟಾದ ಗಟ್ಟಿ ನೆಲ ಬೇಕು, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು, ಎತ್ತಿದ ಗಾಡಿ ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು. ಬರೀ ಜ್ಯಾಕಿನ ಮೇಲೆ ನಿಂತಿರುವ ಗಾಡಿಯ ಕೆಳಗೆ ಒಂದು ಕ್ಷಣಕ್ಕೂ ಹೋಗಕೂಡದು. ಎಸ್‌ಯುವಿಗಳ ಕೆಳಗೆ ಹಲವು ಸಲ ಎತ್ತದೆಯೇ ಸಾಕಷ್ಟು ಜಾಗವಿರುತ್ತದೆ. ಇದ್ದರೆ ಎತ್ತದಿರುವುದೇ ಮೇಲು. ಉದುರುವ ತುಕ್ಕು ನೇರ ಕಣ್ಣಿಗೇ ಬೀಳುವುದರಿಂದ ಕನ್ನಡಕ ಬೇಕೇ ಬೇಕು.

ಕೆಳಗೆ ತೂಗುವ ಸ್ಟೆಪ್ನಿ ಇದ್ದರೆ ಅದನ್ನು ಇಳಿಸಬೇಕು. ಸೈಲೆನ್ಸರ್ ಅಡ್ಡ ಬರುವುದು ಬಹುತೇಕ ಖಚಿತ. ಅದು ರಬ್ಬರ್ ಹ್ಯಾಂಗರುಗಳಲ್ಲಿ ತೂಗುತ್ತಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆ ರಬ್ಬರಿಗೆ ಸೋಪಿನ ನೀರು ಸವರಿ ಕೊಕ್ಕೆಯಿಂದ ಜಾರಿಸಿದರೆ ಪೈಪು ಕೆಲವು ಇಂಚು ಕೆಳಗಿಳಿಯುತ್ತದೆ. ಪೈಪಿನ ಕೆಳಗೆ ಏನಾದರೂ ಆಸರೆ ಇಟ್ಟುಕೊಳ್ಳದಿದ್ದರೆ ಅದರ ಭಾರವೆಲ್ಲ ಮುಂದಿನ ಜೋಡಣೆಗಳ ಮೇಲೆ ಬೀಳುತ್ತದೆ. ಕೆಲವು ಗಾಡಿಗಳಲ್ಲಿ ಶಾಖ ತಡೆಯುವ ತಗಡಿನ ಒಂದು ಮೂಲೆಯನ್ನು, ಕೆಲವದರಲ್ಲಿ ಬಂಪರಿನ ಕೆಳಗಿನ ಪ್ಲಾಸ್ಟಿಕ್ಕನ್ನು ಕತ್ತರಿಸಬೇಕಾಗುತ್ತದೆ. ಇನ್ನು ಕೆಲವದರಲ್ಲಿ ಬಂಪರಿನ ಹೊದಿಕೆಯನ್ನೇ ಬಿಚ್ಚಿ, ಅದರ ಹಿಂದಿರುವ ಅಪಘಾತ ತಡೆಯುವ ತೊಲೆಯ ಜೊತೆಗೇ ಹಿಚ್ಚನ್ನು ಕೂಡಿಸಬೇಕು. ಈ ಕೊನೆಯ ಬಗೆಯದಾದರೆ ಪಾರ್ಕಿಂಗ್ ಸೆನ್ಸರಿನ ವೈರುಗಳನ್ನು ಎಚ್ಚರದಿಂದ ಬಿಡಿಸಬೇಕಾಗುತ್ತದೆ. ಕ್ಲಿಪ್ಪುಗಳು ಮುರಿಯುತ್ತವೆ ಎಂದು ಮೊದಲೇ ಒಪ್ಪಿಕೊಂಡು ಹೊಸವನ್ನು ತಂದಿಟ್ಟುಕೊಂಡರೆ ಮನಸ್ಸಿಗೆ ನೆಮ್ಮದಿ.

ವೆಲ್ಡ್ ಮಾಡಿದ ನಟ್ಟಿಲ್ಲದ ಕಡೆ ಬೋಲ್ಟನ್ನು ತೊಲೆಯ ಒಳಗಿನಿಂದ ಹೊರಕ್ಕೆ ತರಬೇಕು. ಮುಚ್ಚಿದ ಟೊಳ್ಳು ತೊಲೆಯೊಳಗೆ ಬೋಲ್ಟನ್ನು ಕಳಿಸುವ ಉಪಾಯ ನನಗೆ ಬಹಳ ಹಿಡಿಸಿತು. ತುದಿಯಲ್ಲಿ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಒಂದು ತಂತಿ ಇರುತ್ತದೆ. ಅದನ್ನು ಬೋಲ್ಟಿನ ತೂತಿನಿಂದ ಒಳಕ್ಕೆ ಬಿಟ್ಟು, ಪಕ್ಕದಲ್ಲಿರುವ ದೊಡ್ಡ ತೂತಿನಿಂದ ಸುರುಳಿಯ ತುದಿಯನ್ನು ಹೊರಕ್ಕೆ ಎಳೆಯಬೇಕು. ಮೊದಲು ಉಕ್ಕಿನ ಬಿಲ್ಲೆಯೊಂದನ್ನು ಆ ತಂತಿಗೆ ಪೋಣಿಸಿ, ಬಳಿಕ ಬೋಲ್ಟಿನ ಥ್ರೆಡ್ಡನ್ನು ಸುರುಳಿಗೆ ತಿರುಗಿಸಿ ಸಿಕ್ಕಿಸಿ, ಎರಡನ್ನೂ ದೊಡ್ಡ ತೂತಿನೊಳಗೆ ನೂಕಿ ತಂತಿಯನ್ನು ಮೆಲ್ಲನೆ ಜಗ್ಗಿದರೆ ಬೋಲ್ಟು ತಾನಾಗಿ ತನ್ನ ತೂತಿನಿಂದ ಮೂತಿ ಹೊರಹಾಕುತ್ತದೆ. ಬಿಲ್ಲೆಯ ಚೌಕ ತೂತಿನಲ್ಲಿ ಬೋಲ್ಟಿನ ಚೌಕ ಕುತ್ತಿಗೆ ಕೂತುಕೊಳ್ಳುವುದರಿಂದ ನಟ್ಟು ಬಿಗಿಯುವಾಗ ಅದು ಸುತ್ತುವುದಿಲ್ಲ. ಬಿಲ್ಲೆಗೆ ಅದಕ್ಕಿಂತ ದೊಡ್ಡ ಕೆಲಸವೂ ಇದೆ: ಐದು ಟನ್ನಿನ ಒತ್ತುಬಲ ಬೋಲ್ಟಿನ ತಲೆಯಷ್ಟೇ ಜಾಗದಲ್ಲಿ ಬಿದ್ದರೆ ತೊಲೆಯ ತಗಡು ತಗ್ಗು ಬಿದ್ದೀತು, ಬಿಲ್ಲೆ ಅದನ್ನು ಹರಡುತ್ತದೆ. ತಂತಿಯನ್ನು ಜೋರಾಗಿ ಜಗ್ಗಿ ಬೋಲ್ಟು ಕಳಚಿ ತೊಲೆಯೊಳಗೆ ಬಿತ್ತೋ, ಅದನ್ನು ಹೊರತೆಗೆಯುವ ತನಕ ಗಾಡಿ ಪ್ರತಿ ತಿರುವಿನಲ್ಲೂ ಗಲಗಲ ಎನ್ನುತ್ತಿರುತ್ತದೆ.

ಹದಿನೈದರಿಂದ ಇಪ್ಪತ್ತೈದು ಕಿಲೋ ತೂಗುವ ಹಿಚ್ಚನ್ನು ಮಲಗಿಕೊಂಡು ಒಬ್ಬರೇ ಎತ್ತಿ ಹಿಡಿಯುವುದು ಸಾಹಸ, ಅಗತ್ಯವಿಲ್ಲದ ಸಾಹಸ. ಇನ್ನೊಬ್ಬರ ಕೈ ಇರಲಿ, ಇಲ್ಲವೇ ಒಂದು ಪಕ್ಕವನ್ನು ಬೆಲ್ಟಿನಿಂದ ತೂಗಿಸಿ ಇನ್ನೊಂದನ್ನು ಜ್ಯಾಕಿನಿಂದ ಏರಿಸಬಹುದು. ಎಲ್ಲ ಬೋಲ್ಟುಗಳೂ ಬೆರಳಿನಿಂದಲೇ ಕೆಲವು ಸುತ್ತು ಹಿಡಿಯುವ ತನಕ ಯಾವುದಕ್ಕೂ ಪಾನಾ ಹಾಕಬಾರದು. ಒಂದನ್ನು ಮೊದಲೇ ಬಿಗಿದುಬಿಟ್ಟರೆ ಉಳಿದವುಗಳ ತೂತುಗಳು ಹೊಂದುವುದಿಲ್ಲ, ಆಗ ಬೋಲ್ಟು ಓರೆಯಾಗಿ ಥ್ರೆಡ್ ಹಾಳಾಗುತ್ತದೆ. ಹಿಚ್ಚು ನಡುವಿಗೆ ಕೂತಿದೆಯೇ ಎಂದು ನೋಡಿ, ಎಲ್ಲವನ್ನೂ ಅಷ್ಟಷ್ಟೇ ಬಿಗಿದುಕೊಂಡು ಬಂದು, ಕಡೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದ ನಿಧಾನವಾಗಿ, ಒಂದೇ ಎಳೆತದಲ್ಲಿ ಕೊಡಬೇಕು. ಇಂಪ್ಯಾಕ್ಟ್ ಗನ್ನಿನಿಂದ ಟರ್ರೆಂದು ಬಿಗಿದು ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಬೋಲ್ಟನ್ನು ಎಷ್ಟು ಹಿಗ್ಗಿಸಿತು ಎಂಬುದಕ್ಕೆ ಲೆಕ್ಕವೇ ಉಳಿಯುವುದಿಲ್ಲ. ಕೊಟ್ಟಿರುವ ಹಲ್ಲಿನ ಶಂಕುವಿನಾಕಾರದ ವಾಷರುಗಳಿದ್ದರೆ ಅವುಗಳ ಹಲ್ಲು ಹಿಚ್ಚಿನ ಕಡೆಗಿರಬೇಕು.

ವೈರಿಂಗ್ ಬೇರೆಯದೇ ಬರಹಕ್ಕೆ ಸಾಕಾಗುವಷ್ಟಿದೆ, ಇಲ್ಲಿ ಒಂದೇ ಸಂಗತಿ. ಈಗಿನ ಗಾಡಿಗಳಲ್ಲಿ ಹಿಂದಿನ ದೀಪಗಳನ್ನು ಕಂಪ್ಯೂಟರ್ ಘಟಕ ಕಾಯುತ್ತಿರುತ್ತದೆ. ಟೇಲ್ ಲೈಟಿನ ವೈರನ್ನು ಸುಲಿದು ಟ್ರೇಲರಿನ ಬಲ್ಬನ್ನು ನೇರವಾಗಿ ಜೋಡಿಸಿದರೆ ಅದು ದೋಷವೆಂದು ಕೂಗಬಹುದು, ಘಟಕವೇ ಸುಟ್ಟರೂ ಸುಡಬಹುದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ಪ್ರತ್ಯೇಕ ವಿದ್ಯುತ್ ಪಡೆದು, ಗಾಡಿಯ ದೀಪಗಳಿಂದ ಸಂಕೇತವನ್ನಷ್ಟೇ ಕೇಳಿಸಿಕೊಳ್ಳುವ ಕನ್ವರ್ಟರ್ ಹಾಕುವುದು ಸುರಕ್ಷಿತ. ಅರ್ಥ್ ವೈರಿನ ಕಡೆ ಮಾತ್ರ ಬಣ್ಣವನ್ನು ಪೂರ್ತಿ ಕೆರೆದು ಲೋಹವನ್ನು ಹೊಳೆಯಿಸಲೇಬೇಕು. ಇಂಡಿಕೇಟರ್ ಹಾಕಿದಾಗ ಟ್ರೇಲರಿನ ದೀಪಗಳೆಲ್ಲ ಮಂಕಾಗಿ ಒಟ್ಟಿಗೆ ಮಿನುಗಿದರೆ ಮೊದಲು ಅನುಮಾನಿಸಬೇಕಾದದ್ದು ಈ ಅರ್ಥನ್ನೇ.

ಬಿಗಿದು ಮುಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಹಿಚ್ಚಿನ ತಟ್ಟೆಯವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದಿದ್ದೇನೆ. ತಿರುಗಿದ ಬೋಲ್ಟು ಆ ಗೆರೆಯಿಂದ ಗೊತ್ತಾಗುತ್ತದೆ. ತಿರುಗದೆಯೇ ಸಡಿಲಾದದ್ದು ಗೊತ್ತಾಗುವುದಿಲ್ಲ, ಆದ್ದರಿಂದ ಮೊದಲ ಸಲ ಭಾರ ಎಳೆದು ಬಂದ ಮೇಲೆ ಟಾರ್ಕ್ ರೆಂಚನ್ನು ಅದೇ ಅಂಕಿಗಿಟ್ಟು ಪ್ರತಿಯೊಂದನ್ನೂ ಮತ್ತೆ ಮುಟ್ಟಬೇಕು. ಬೋಲ್ಟು ಕದಲದೆ ಟಕ್ಕೆಂದರೆ ಸರಿ. ಗಮನಾರ್ಹವಾಗಿ ತಿರುಗಿತೋ, ಇನ್ನಷ್ಟು ಬಿಗಿದು ಎದ್ದುಬರುವುದು ಸಾಲದು: ಅದನ್ನು ಬಿಚ್ಚಿ, ಹಿಚ್ಚಿಗೂ ಚಾಸಿಗೂ ನಡುವೆ ಯಾವ ಪದರ ಉಳಿದುಕೊಂಡಿದೆ, ತಗಡು ತಗ್ಗಿದೆಯೇ, ಬಿಲ್ಲೆ ಓರೆಯಾಗಿ ಕೂತಿದೆಯೇ ಎಂದು ಟಾರ್ಚು ಹಿಡಿದು ನೋಡಬೇಕು.